ಅತ್ತೆಯ ನೂರು, ಸೊಸೆಯ ನೂರು

ರತ್ನಾವತಿಗೆ ಹೊಟ್ಟೆಕಿಚ್ಚು ಹಿಡಿದದ್ದು ಒಂದು ಎರಡನೇ ಶನಿವಾರ, ಮಧ್ಯಾಹ್ನ ಊಟಕ್ಕೆ ಬಡಿಸುವಾಗ. ಅದಕ್ಕೆ ಮೊದಲು ಇರಲಿಲ್ಲ ಅಂತಲ್ಲ. ಸೊಸೆ ನವ್ಯಶ್ರೀ ಮನೆಗೆ ಬಂದು ಎರಡು ವರ್ಷ ಆಗಿತ್ತು. ಮಗ ತಿಲಕ್ ಕೆಲಸದಿಂದ ಬಂದವನೇ "ಅಮ್ಮಾ" ಅನ್ನುವ ಬದಲು "ನವ್ಯಾ" ಎಂದು ಕರೆದಾಗ ಒಳಗೆ ಚುರ್ ಅನ್ನುವುದು ಎಲ್ಲ ಅತ್ತೆಯರಿಗೂ ಇದ್ದದ್ದೇ. ಆದರೆ ಗಂಡನ ವಿಷಯದಲ್ಲಿ? ಅರವತ್ತೇಳು ವರ್ಷದ, ಹಲ್ಲಿನ ಸೆಟ್ಟು ಎಲ್ಲಿಟ್ಟೆ ಎಂದು ದಿನಾ ಬೆಳಿಗ್ಗೆ ಮನೆಯಿಡೀ ತಡಕಾಡುವ ಧರ್ಮಪಾಲನ ವಿಷಯದಲ್ಲಿ ತಾನು ಹೊಟ್ಟೆ ಉರಿದುಕೊಳ್ಳಬೇಕಾದೀತು ಎಂದು ಯಾರಾದರೂ ಹೇಳಿದ್ದರೆ ಅವಳು ಸೌಟು ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದಳು.

ಆದದ್ದು ಇಷ್ಟು. ತಿಲಕ್‌ಗೆ ಮಲ್ಪೆ ಬಂದರಿನಲ್ಲಿ ಮೀನಿನ ಏಲಂ ಕೂಗುವಾಗ ಲೆಕ್ಕ ಬರೆದುಕೊಳ್ಳುವ ಕೆಲಸ. ಬೆಳಗಿನ ಜಾವ ಮೂರಕ್ಕೆ ಎದ್ದು ಕಾಪುವಿನ ಮನೆಯಿಂದ ಬೈಕಿನಲ್ಲಿ ಹೊರಟವನು ಹನ್ನೆರಡಕ್ಕೆ ತಿರುಗಿ ಬಂದು, ಉಂಡು, ಮಲಗುತ್ತಾನೆ. ಧರ್ಮಪಾಲ ರೇಡಿಯೋ ರಿಪೇರಿಯವನು. ಕಾಪು ಪೇಟೆಯ ಅಂಗಡಿಗೆ ಬಾಗಿಲು ಹಾಕಿ ಆರು ವರ್ಷ ಆಯಿತು. ಈಗ ಅವನಿಗೆ ಉಳಿದ ಕೆಲಸ ಎಂದರೆ ಹಳೇ ವಾಲ್ವ್ ರೇಡಿಯೋಕ್ಕೆ ಮೊಬೈಲ್ ಸಿಕ್ಕಿಸಿ ತಾಳಮದ್ದಳೆ ಕೇಳುವುದು. ಮಗ ಮಲಗುವ ಹೊತ್ತಿಗೇ ಅವನಿಗೆ ಅದು ನೆನಪಾಗುವುದು. ಆ ಶನಿವಾರ ಊಟಕ್ಕೆ ಕೂತಾಗಲೂ ಹಾಕಿಕೊಂಡಿದ್ದ.

"ಅಪ್ಪಾ, ಅದನ್ನೊಮ್ಮೆ ಬಂದ್ ಮಾಡ್ತೀರಾ? ಮೂರು ಗಂಟೆಗೆ ಎದ್ದವ ನಾನು!" ತಿಲಕ್ ಕೋಣೆಯಿಂದಲೇ ಕೂಗಿದ.

"ಮನೆ ನನ್ನದು, ರೇಡಿಯೋ ನನ್ನದು," ಎಂದ ಧರ್ಮಪಾಲ.

"ಕಿವಿ ಮಾತ್ರ ನನ್ನದಲ್ವಾ?"

ರತ್ನಾವತಿ ಇಬ್ಬರ ನಡುವೆ ಬಾಯಿ ಹಾಕಲಿಕ್ಕೆ ಹೋಗಲಿಲ್ಲ. ಈ ಜಗಳ ದಿನಾ ಇದ್ದದ್ದು. ಅಷ್ಟರಲ್ಲಿ ನವ್ಯಶ್ರೀ ತನ್ನ ಹೆಡ್‌ಫೋನ್ ತಂದು ಮಾವನ ತಲೆಗೆ ಇಟ್ಟಳು. ಧರ್ಮಪಾಲ ಅರ್ಧ ನಿಮಿಷ ಕೇಳಿ, ಮುಖ ಹುಳಿ ಮಾಡಿಕೊಂಡು ತೆಗೆದ.

"ಇದೆಂತ ಮಾರಾಯ್ತಿ, ಡಬ್ಬಿಯೊಳಗೆ ನೊಣ ಕೂಗಿದ ಹಾಗೆ ಕೇಳ್ತದೆ."

ಬೇರೆ ಸೊಸೆಯಾದರೆ ಮುಖ ಊದಿಸಿಕೊಂಡು ಹೋಗುತ್ತಿದ್ದಳು. ಇವಳು ಮಣಿಪಾಲದ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಹುಡುಗರಿಗೆ ಪಾಠ ಹೇಳುವವಳು. "ಮೊಬೈಲಿನ ಸ್ವರ ಹಾಗೆಯೇ ಮಾವ," ಎಂದಳು. "ವಾಲ್ವ್ ಹಾಕಿ ನಾವೇ ಒಂದು ಮಾಡುವ. ಹೆಡ್‌ಫೋನ್ ಆಂಪ್ಲಿಫೈಯರ್. ನಿಮಗೆ ಬೇಕಾದ ಸ್ವರ ನಿಮ್ಮ ಕಿವಿಗೆ ಮಾತ್ರ. ನಿಮ್ಮ ಹತ್ತಿರ ಹಳೇ ಸಾಮಾನು ಉಂಟಲ್ವಾ?"

ಅನ್ನ ಕಲಸುತ್ತಿದ್ದ ಧರ್ಮಪಾಲನ ಕೈ ನಿಂತಿತು. ಸೊಸೆಯ ಮುಖ ನೋಡಿ ನಕ್ಕ. ಹಲ್ಲಿನ ಸೆಟ್ಟು ಪೂರಾ ಕಾಣುವ ಹಾಗೆ ನಕ್ಕ. ರತ್ನಾವತಿ ಆ ನಗುವನ್ನು ನೋಡದೆ ವರ್ಷಗಳೇ ಆಗಿದ್ದವು. "ಇನ್ನೊಂದು ಬಂಗುಡೆ ಹಾಕಲಾ?" ಎಂದು ಕೇಳಿದಳು. ಅವನಿಗೆ ಕೇಳಿಸಲಿಲ್ಲ. ಎರಡನೇ ಸಲ ಕೇಳಿದಳು. "ವಾಲ್ವ್ ಕಾರ್ಕಳದಲ್ಲಿ ನನ್ನ ಹಳೇ ದೋಸ್ತಿ ಪಾಸ್ಕಲ್‌ನ ಹತ್ತಿರ ಇದ್ದೀತು," ಎಂದು ಅವನು ಸೊಸೆಗೆ ಹೇಳುತ್ತಿದ್ದ. ಹೊಟ್ಟೆಕಿಚ್ಚು ಹಿಡಿದದ್ದು ಆಗಲೇ.

ಮಾರನೇ ದಿನ ಹಿಂದಿನ ಜಗಲಿಯ ಮೇಜು ಖಾಲಿಯಾಯಿತು. ಅದರ ಮೇಲೆ ರತ್ನಾವತಿಯ ಒಣಸಿಗಡಿಯ ತಟ್ಟೆ, ಹಪ್ಪಳದ ಡಬ್ಬ, ಹುಣಸೆಹಣ್ಣಿನ ಭರಣಿ ಇದ್ದವು. ಧರ್ಮಪಾಲ ಒಂದೊಂದಾಗಿ ಎತ್ತಿ ನೆಲಕ್ಕಿಟ್ಟ.

"ಅದು ನನ್ನ ಜಾಗ," ಎಂದಳು ರತ್ನಾವತಿ.

"ಆರು ವರ್ಷ ನಿನ್ನದಿತ್ತು. ಅದಕ್ಕೆ ಮೊದಲು ರೇಡಿಯೋದ್ದು."

"ಸಿಗಡಿ ನೆಲದಲ್ಲಿಟ್ಟರೆ ಬೆಕ್ಕು ಬಾಯಿ ಹಾಕ್ತದೆ."

"ಹಾಕಲಿ ಬಿಡು, ಅದಕ್ಕೂ ಹಸಿವು ಉಂಟಲ್ವಾ," ಎಂದು ಧರ್ಮಪಾಲ ಅಟ್ಟಕ್ಕೆ ಏಣಿ ಇಟ್ಟ.

ರತ್ನಾವತಿಯ ಬಾಯಿಗೆ ಬಂದದ್ದು ಬೇರೆಯೇ ಮಾತು. ಆ ಮೇಜು ರೇಡಿಯೋದ್ದಾಗಿದ್ದ ಕಾಲದಲ್ಲೂ ಅವಳದ್ದೇ ಆಗಿತ್ತು. ಹೆಜಮಾಡಿಯಲ್ಲಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದವಳ ಮಗಳು ಅವಳು. ಮದುವೆಯಾಗಿ ಬರುವಾಗ ರೇಡಿಯೋದ ಒಳಗೆ ಎಂತ ಉಂಟು ಅಂತ ಗೊತ್ತಿರಲಿಲ್ಲ. ಬಂದ ಎರಡನೇ ತಿಂಗಳಿಗೆ ಗಂಡ ಅವಳ ಕೈಗೆ ಕೂದಲೆಳೆಯಂಥ ತಾಮ್ರದ ತಂತಿ ಕೊಟ್ಟ. ಟ್ರಾನ್ಸ್‌ಫಾರ್ಮರ್‌ಗೆ ತಂತಿ ಸುತ್ತಬೇಕು, ಸಾವಿರಗಟ್ಟಲೆ ಸುತ್ತು, ಒಂದೂ ತಪ್ಪಬಾರದು. ಅವಳ ಬೆರಳಿಗೆ ಅದು ಬಹಳ ಬೇಗ ಕೂತಿತು. ಪ್ರತಿ ನೂರಕ್ಕೆ ಒಂದು ಕೆಂಪು ನೂಲಿನ ತುಂಡು ಸಿಕ್ಕಿಸಿ ಮುಂದೆ ಹೋಗುವುದು. ಮೇಜಿನ ಆ ಕಡೆ ಅವನು, ಈ ಕಡೆ ಅವಳು. ಆ ಹದಿನೆಂಟು ಇಪ್ಪತ್ತು ವರ್ಷ ಗಂಡ ಹೆಂಡತಿ ಮಾತಾಡಿದ್ದೆಲ್ಲ ಆ ಮೇಜಿನ ಮೇಲೆ. ಆಮೇಲೆ ಪೇಟೆಗೆ ಸಿದ್ಧ ಟ್ರಾನ್ಸ್‌ಫಾರ್ಮರ್ ಬಂತು, ಸುತ್ತುವ ಕೈಯಂತ್ರ ಅಟ್ಟಕ್ಕೆ ಹೋಯಿತು, ಇವಳು ಅಡುಗೆಮನೆಗೆ ಹೋದಳು. ಈಗ ಅವನ ಬಾಯಿಂದ ಬರುವುದು "ಊಟ ಆಯ್ತಾ", "ಮಾತ್ರೆ ಎಲ್ಲಿ" ಇಷ್ಟೇ.

ಆದರೆ ಸೊಸೆಯ ಹತ್ತಿರ? ಅಬ್ಬಬ್ಬಾ, ಏನು ಮಾತು, ಏನು ನಗು! ಸಂಜೆ ಐದೂವರೆಗೆ ನವ್ಯಶ್ರೀಯ ಸ್ಕೂಟರಿನ ಸದ್ದು ಕೇಳಿದ ಕೂಡಲೇ ಧರ್ಮಪಾಲ ಬನಿಯನ್ನಿನ ಮೇಲೆ ಶರ್ಟು ಹಾಕಿಕೊಂಡು ಜಗಲಿಗೆ ಬರುತ್ತಿದ್ದ. ಹೆಂಡತಿಯ ಎದುರು ಮೂವತ್ತೇಳು ವರ್ಷ ಬನಿಯನ್ನಿನಲ್ಲೇ ಕಳೆದ ಮನುಷ್ಯ! ಇಬ್ಬರೂ ಕಾಗದದಲ್ಲಿ ಗೆರೆ ಎಳೆಯುವುದು, ಅಳಿಸುವುದು. ಅಲ್ಯೂಮಿನಿಯಂ ತಗಡಿಗೆ ತೂತು ಕೊರೆಯುವುದು. ಒಂದು ದಿನ ಚಹಾ ಕೊಂಡು ಹೋದ ರತ್ನಾವತಿ ನೋಡುತ್ತಾಳೆ, ಅತ್ತ ಮಾವ ಇತ್ತ ಸೊಸೆ, ಇಬ್ಬರೂ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ತಲೆಗೆ ತಲೆ ತಾಗಿಸುವ ಹಾಗೆ ಬಗ್ಗಿದ್ದಾರೆ.

"ಇದೆಂತ ಆಟ?" ಎಂದಳು.

"ಆಟ ಅಲ್ಲ ಅತ್ತೆ," ಎಂದಳು ನವ್ಯಶ್ರೀ. "ಕರೆಂಟು ಕೊಟ್ಟ ಮೇಲೆ ಒಳಗೆ ನೂರೈವತ್ತು ವೋಲ್ಟ್ ಇರ್ತದೆ. ಎರಡೂ ಕೈ ಇಟ್ಟರೆ ಎದೆಗೇ ಹೊಡೀತದೆ. ಒಂದು ಕೈ ಹಿಂದೆ ಇರಬೇಕು, ಈಗಲೇ ಅಭ್ಯಾಸ ಆಗಲಿ ಅಂತ ಮಾವ ಹೇಳಿಕೊಟ್ಟದ್ದು."

ಈ ಪಾಠವನ್ನು ಅವನು ಮೊಟ್ಟಮೊದಲು ಹೇಳಿಕೊಟ್ಟದ್ದು ರತ್ನಾವತಿಗೆ. ಚಹಾದ ಲೋಟ ಮೇಜಿಗೆ ಕುಕ್ಕಿ ಒಳಗೆ ಬಂದಳು.

ಆ ದಿನ ಮಗ ಏಳುವುದನ್ನೇ ಕಾದಳು. ಅವನು ಮುಖ ತೊಳೆದು ಬಂದ ಕೂಡಲೇ ಶುರು ಮಾಡಿದಳು. "ನಿನ್ನ ಹೆಂಡತಿ ಅಡುಗೆಮನೆಗೆ ಕಾಲಿಡದೆ ಎಷ್ಟು ದಿನ ಆಯ್ತು, ಗೊತ್ತುಂಟಾ?"

"ಅವಳು ಮಾಡಿದ ಸಾರಿಗೆ ಹುಳಿ ಹೆಚ್ಚು, ಉಪ್ಪು ಕಡಿಮೆ ಅಂತ ಅವಳನ್ನು ಹೊರಗೆ ಕಳಿಸಿದ್ದು ನೀನೇ ಅಲ್ವಾ ಅಮ್ಮ?"

"ಕಳಿಸಿದ್ದೆ. ಕಳಿಸಿದ್ರೆ ತಿರುಗಿ ಬರ್ಬಾರ್ದು ಅಂತ ಉಂಟಾ?"

"ಅಪ್ಪ ಈಗ ಮಧ್ಯಾಹ್ನ ರೇಡಿಯೋ ಹಾಕುವುದಿಲ್ಲ. ನನಗೆ ನಿದ್ರೆ ಬರ್ತದೆ. ಅವರೇನು ಬೇಕಾದರೂ ಮಾಡಲಿ," ಎಂದ ತಿಲಕ್, ಅವಲಕ್ಕಿಗೆ ಕೈ ಹಾಕುತ್ತಾ.

ಇವನ ಹತ್ತಿರ ಹೇಳಿ ಪ್ರಯೋಜನ ಇಲ್ಲ ಎಂದು ರತ್ನಾವತಿಗೆ ಗೊತ್ತಾಯಿತು.

ಮುಂದಿನ ಭಾನುವಾರ ಮಾವ ಸೊಸೆ ಕಾರ್ಕಳಕ್ಕೆ ಹೊರಟರು. ಸ್ಕೂಟರಿನಲ್ಲಿ! ಮುಂದೆ ಅವಳು, ಹಿಂದೆ ಇವನು, ತಲೆಗೆ ತಿಲಕನ ಹೆಲ್ಮೆಟ್. ರತ್ನಾವತಿ ಗೇಟಿನ ಹತ್ತಿರ ನಿಂತಳು. "ನನ್ನನ್ನು ಬಸ್ಸಿನಲ್ಲಾದರೂ ಕಾರ್ಕಳಕ್ಕೆ ಕರೆದುಕೊಂಡು ಹೋದವರಲ್ಲ ನೀವು," ಎಂದಳು. ಹೆಲ್ಮೆಟ್ಟಿನೊಳಗಿದ್ದವನಿಗೆ ಏನು ಕೇಳಿತೋ, "ಹೌದು, ಹೌದು, ಮಧ್ಯಾಹ್ನಕ್ಕೆ ಬರ್ತೇವೆ," ಎಂದ. ಅವಳು ಅವನಿಗೆ ಇಷ್ಟ ಎಂದು ಕಾಣೆ ಮೀನು ತರಿಸಿ ಮಸಾಲೆ ಹಚ್ಚಿದಳು. ಒಂದೂವರೆ ಆಯಿತು, ಎರಡೂವರೆ ಆಯಿತು. ಮೂರಕ್ಕೆ ಇಬ್ಬರೂ ಬಂದರು. ಹತ್ತಿಯಲ್ಲಿ ಸುತ್ತಿದ ಎರಡು ಗಾಜಿನ ವಾಲ್ವ್‌ಗಳನ್ನು ಧರ್ಮಪಾಲ ಕೂಸನ್ನು ಹಿಡಿದ ಹಾಗೆ ಹಿಡಿದುಕೊಂಡಿದ್ದ.

"ಊಟಕ್ಕೆ ಬನ್ನಿ."

"ಊಟ ಆಯ್ತು ಮಾರಾಯ್ತಿ. ಪಾಸ್ಕಲ್‌ನ ಹೆಂಡತಿ ಕ್ಲಾರಾ ಬಿಡಲೇ ಇಲ್ಲ. ಸಣ್ಣ ಅಂತ ಅವರ ಇಡ್ಲಿ, ಕೋಳಿ, ಪಾಯಸ, ಹೊಟ್ಟೆ ಬಿರಿಯುವಷ್ಟು. ಪಾಸ್ಕಲ್ ನವ್ಯಾಳನ್ನು ನೋಡಿ ಎಂತ ಹೇಳಿದ ಗೊತ್ತಾ? ಧರ್ಮಪಾಲಾ, ನಿನ್ನ ಕೆಲಸ ಗೊತ್ತಿರುವವರು ಒಬ್ಬರಾದರೂ ನಿನ್ನ ಮನೆಗೆ ಬಂದರಲ್ಲ, ಅಂದ!"

ರತ್ನಾವತಿ ಕಾಣೆ ಮೀನನ್ನು ಒಬ್ಬಳೇ ಕುಳಿತು ತಿಂದಳು, ಮೂರೂ ತುಂಡನ್ನು, ಹಟಕ್ಕೆ. ರಾತ್ರಿ ಊಟಕ್ಕೆ ಗಂಜಿ, ಉಪ್ಪಿನಕಾಯಿ ಮಾತ್ರ ಇಟ್ಟಳು. "ಮೀನು?" ಎಂದು ತಿಲಕ್ ಕೇಳಿದ. "ಮೀನು ಕಾರ್ಕಳದಲ್ಲಿ ಉಂಟು," ಎಂದಳು.

ಆದರೂ ಅವಳಿಗೊಂದು ಆಸೆ ಇತ್ತು. ಟ್ರಾನ್ಸ್‌ಫಾರ್ಮರ್ ಇನ್ನೂ ಬಾಕಿ ಇತ್ತು. ಅಟ್ಟದಲ್ಲಿ ಅರ್ಧ ಸುತ್ತಿದ ಒಂದು ಸುರುಳಿ ಸಿಕ್ಕಿತ್ತು, ಅವಳ ಕೈಯದ್ದೇ. ಒಳಗಿನ ಸುತ್ತು ಮುಗಿಸಿ, ಹೊರಗಿನದ್ದು ಸುತ್ತುವ ಮೊದಲೇ ಆ ಕಾಲದ ಕೆಲಸ ನಿಂತುಹೋಗಿತ್ತು. ಚೀಟಿಯಲ್ಲಿ ಗಂಡನ ಅಕ್ಷರ: ಒಳಗೆ 1200. ಅದನ್ನು ಮೇಜಿನ ಮೇಲೆ ನೋಡಿದಾಗ ರತ್ನಾವತಿಯ ಜೀವ ತಣ್ಣಗಾಯಿತು. ಇನ್ನು ಕರೆಯದೆ ಎಲ್ಲಿಗೆ ಹೋಗ್ತಾರೆ ಇವರು? ಸೊಸೆಗೆ ಕಾಲೇಜಿನ ಪುಸ್ತಕ ಗೊತ್ತುಂಟು, ತಂತಿ ಗೊತ್ತುಂಟಾ?

ಶನಿವಾರ ಸುತ್ತುವುದು ಎಂದು ಮಾತಾಡಿಕೊಂಡದ್ದು ಅವಳ ಕಿವಿಗೆ ಬಿತ್ತು. ಆ ದಿನ ಒಂಬತ್ತಕ್ಕೇ ಅಡುಗೆ ಮುಗಿಸಿದಳು. ಮೀನು ತರಲಿಲ್ಲ, ಬಸಳೆ ಸಾರು ಮಾಡಿದಳು. ತಂತಿಗೆ ಮೀನಿನ ಕೈ ತಾಗಬಾರದೆಂದು ಅವನು ಮೊದಲೆಲ್ಲ ಹೇಳುತ್ತಿದ್ದ. ಸಾಬೂನು ಹಾಕಿ ಎರಡು ಸಲ ಕೈ ತೊಳೆದು, ಉಗುರು ಕತ್ತರಿಸಿ, ಬೇರೆ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು ಎದುರಿನ ಚಾವಡಿಯಲ್ಲಿ ಕೂತಳು. ಹತ್ತಾಯಿತು. ಹತ್ತೂವರೆ ಆಯಿತು. ಹಿಂದಿನ ಜಗಲಿಯಿಂದ ಕಿರ್ರ್ ಎನ್ನುವ ಸದ್ದು ಬಂತು. ಎದ್ದು ಹೋಗಿ ನೋಡಿದರೆ, ನವ್ಯಶ್ರೀ ಕಾಲೇಜಿನಿಂದ ಒಂದು ಸುತ್ತುವ ಯಂತ್ರ ತಂದಿದ್ದಾಳೆ. ಹಿಡಿ ತಿರುಗಿಸಿದರೆ ಪುಟ್ಟ ಕಿಟಕಿಯಲ್ಲಿ ಅಂಕಿ ತಾನೇ ಏರುತ್ತದೆ. ರತ್ನಾವತಿಯ ಸುರುಳಿಯ ಮೇಲೆ ಸೊಸೆಯ ತಂತಿ ಏರುತ್ತಾ ಇತ್ತು. ಎದುರಿಗೆ, ರತ್ನಾವತಿ ಕೂರುತ್ತಿದ್ದ ಸ್ಟೂಲಿನ ಮೇಲೆಯೇ ಕೂತಿದ್ದಳು ಅವಳು.

"ಏಳುನೂರ ಎಂಬತ್ತು, ಆಯ್ತು ಮಾವ!"

"ಶಾಭಾಸ್!" ಎಂದ ಧರ್ಮಪಾಲ. "ಇನ್ನು ವಾಲ್ವ್‌ನ ಒಲೆಯದ್ದು. ದಪ್ಪ ತಂತಿ, ಮೂವತ್ತಮೂರು ಸುತ್ತು. ನನ್ನ ಪುಸ್ತಕದಲ್ಲಿ ಬರೆದದ್ದುಂಟು." ವಾಲ್ವಿನೊಳಗೆ ಕೆಂಪಗೆ ಉರಿಯುವ ತಂತಿಗೆ ಅವನು ಒಲೆ ಎನ್ನುವುದು. ಹಾಗೆ ಹೇಳಿದರೆ ಹೆಂಡತಿಗೆ ಬೇಗ ಅರ್ಥವಾಗುತ್ತದೆಂದು ಮದುವೆಯ ಹೊಸತರಲ್ಲಿ ಅವನು ಕಟ್ಟಿದ ಹೆಸರು ಅದು. ಈಗ ಆ ಹೆಸರೂ ಸೊಸೆಗೆ ಹೋಗಿತ್ತು.

ರತ್ನಾವತಿ ಒಳಗೆ ಬಂದು ಒಳ್ಳೆ ಸೀರೆ ಬಿಚ್ಚಿ, ಹಳೇ ಸೀರೆ ಉಟ್ಟು, ಇರದ ಕೆಲಸ ಹುಡುಕಿ ಪಾತ್ರೆ ತಿಕ್ಕಿದಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ಬೂದಿಯನ್ನು ಬೈದಳು. ಮನೆಯಲ್ಲಿ ಬೂದಿಯಲ್ಲಿ ಪಾತ್ರೆ ತಿಕ್ಕುವುದು ನಿಂತು ಹತ್ತು ವರ್ಷ ಆಗಿತ್ತು.

ಮಾರನೇ ದಿನ ಭಾನುವಾರ. ಮಲ್ಪೆಯಲ್ಲಿ ರಜೆ, ನಾಲ್ವರೂ ಮನೆಯಲ್ಲಿ. ನೀರುದೋಸೆ ಹೊಯ್ಯುತ್ತಿದ್ದ ರತ್ನಾವತಿಗೆ ಹಿಂದಿನ ಜಗಲಿಯ ಮಾತು ಸ್ಪಷ್ಟ ಕೇಳುತ್ತಿತ್ತು. ಆಂಪ್ಲಿಫೈಯರಿಗೆ ಕರೆಂಟು ಕೊಟ್ಟಿದ್ದರು. ವಾಲ್ವ್ ಹತ್ತಿತ್ತು, ಆದರೆ ಮಂಕಾಗಿ. ಸ್ವರ ಬರುತ್ತಿತ್ತು, ಆದರೆ ಶೀತವಾದವರ ಹಾಗೆ.

"ಆರು ಪಾಯಿಂಟ್ ಮೂರು ಬರಬೇಕು ಮಾವ. ಬರುವುದು ಐದು ಪಾಯಿಂಟ್ ಒಂಬತ್ತು. ಆ ಕಡೆಯ ದೊಡ್ಡ ವೋಲ್ಟೇಜೂ ಕಡಿಮೆಯೇ."

"ಜೋಡಣೆ ಎಲ್ಲ ಸರಿ ಉಂಟಲ್ಲ."

"ಎಲ್ಲ ಮೂರು ಸಲ ನೋಡಿದೆ. ನಾನು ಸುತ್ತಿದ್ದು ಯಂತ್ರದ ಲೆಕ್ಕ, ತಪ್ಪಲಿಕ್ಕಿಲ್ಲ. ಒಳಗಿನ ಸುತ್ತೇ..." ನವ್ಯಶ್ರೀ ಸ್ವರ ತಗ್ಗಿಸಿದಳು. ತಗ್ಗಿಸಿದ್ದೇ ತಪ್ಪಾಯಿತು, ತಗ್ಗಿಸಿದ ಮಾತು ಅತ್ತೆಯ ಕಿವಿಗೆ ಬೇಗ ಬೀಳುತ್ತದೆ. "ಅತ್ತೆ ಎಣಿಸುವಾಗ ಎಲ್ಲೋ ತಪ್ಪಿರಬೇಕು."

ಸಟ್ಟುಗ ಕೈಯಲ್ಲಿ ಹಿಡಿದುಕೊಂಡೇ ರತ್ನಾವತಿ ಜಗಲಿಗೆ ಬಂದಳು.

"ಎಂತ ಹೇಳಿದೆ?"

"ಅಲ್ಲ ಅತ್ತೆ, ಹಳೇದಲ್ವಾ, ಅಂದಾಜಿಗೆ ಹೇಳಿದ್ದು..."

"ನನ್ನ ಲೆಕ್ಕ ತಪ್ಪು ಅಂತ ನೀನು ಅಂದಾಜಿಗೆ ಹೇಳುವುದಾ? ನೀನು ಹುಟ್ಟುವ ಮೊದಲು ಈ ತಾಲೂಕಿನ ಅರ್ಧ ರೇಡಿಯೋಕ್ಕೆ ತಂತಿ ಸುತ್ತಿದವಳು ನಾನು! ಒಂದು ತಿರುಗಿ ಬಂದದ್ದುಂಟಾ, ಕೇಳು ನಿನ್ನ ಮಾವನ ಹತ್ತಿರ!"

"ಇಲ್ಲ, ಒಂದೂ ಬರಲಿಲ್ಲ," ಎಂದ ಧರ್ಮಪಾಲ, ಮೇಜು ನೋಡುತ್ತಾ.

"ಬಿಚ್ಚು. ಈಗಲೇ ಬಿಚ್ಚಿ ಎಣಿಸು. ನನ್ನದು ಒಂದು ಸುತ್ತು ಕಡಿಮೆ ಇದ್ದರೆ ನಾನು ಹೆಜಮಾಡಿಗೆ ಹೋಗ್ತೇನೆ."

"ಅಮ್ಮ, ದೋಸೆ ಕರಟಿತು!" ತಿಲಕ್ ಒಳಗಿಂದ ಕೂಗಿದ.

"ಕರಟಲಿ! ನೀನೂ ಬಾ, ಎಣಿಸಲಿಕ್ಕೆ!"

ನಾಲ್ವರೂ ಮೇಜಿನ ಸುತ್ತ ನಿಂತರು. ಸೊಸೆ ಸುತ್ತಿದ ಮೇಲಿನ ತಂತಿಯನ್ನು ಮೊದಲು ತೆಗೆಯಬೇಕಿತ್ತು. ಅದನ್ನು ರತ್ನಾವತಿಯೇ ಎಳೆದಳು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಉತ್ಸಾಹದಿಂದ. ನವ್ಯಶ್ರೀಯ ಮುಖ ಸಣ್ಣದಾಯಿತು. ಕೆಳಗೆ ರತ್ನಾವತಿಯ ಸುತ್ತು ಬಂತು, ಅಕ್ಕಪಕ್ಕ ಒಂದಕ್ಕೊಂದು ಒತ್ತಿ ಕೂತ ತಂತಿ, ಅಂಚಿನಲ್ಲಿ ಕೆಂಪು ನೂಲು. ಅಷ್ಟು ವರ್ಷ ಅಟ್ಟದಲ್ಲಿದ್ದರೂ ಬಣ್ಣ ಹೋಗಿರಲಿಲ್ಲ. ಒಂದು ನೂಲಿನಿಂದ ಇನ್ನೊಂದು ನೂಲಿಗೆ ನೂರು. ತಿಲಕ್ ಬಿಚ್ಚಿದ, ನವ್ಯಶ್ರೀ ಗಟ್ಟಿಯಾಗಿ ಎಣಿಸಿದಳು.

"ತೊಂಬತ್ತೆಂಟು. ತೊಂಬತ್ತೊಂಬತ್ತು. ನೂರು." ನೂಲು ಬರಲಿಲ್ಲ. "ನೂರೊಂದು. ನೂರೆರಡು. ಮೂರು. ನಾಲ್ಕು. ನೂರೈದು." ನೂಲು ಬಂತು. "ಐದು ಹೆಚ್ಚುಂಟು ಅತ್ತೆ."

"ಹೆಚ್ಚು ಎಲ್ಲಿ? ಸರಿಯಾಗಿಯೇ ಉಂಟಲ್ಲ."

ಇನ್ನೊಂದು ನೂರು ಬಿಚ್ಚಿದರು. ಅಲ್ಲಿಯೂ ನೂರೈದು. ಮೂರನೆಯದೂ ನೂರೈದು.

"ಅಮ್ಮ, ನೂರು ಅಂದರೆ ನೂರಲ್ವಾ?" ಎಂದ ತಿಲಕ್.

"ನೂರೇ. ಮತ್ತೆ ಐದು ಕೊಸರು." ರತ್ನಾವತಿ ಮೂವರ ಮುಖವನ್ನೂ ನೋಡಿದಳು. ಇದನ್ನೂ ಹೇಳಿಕೊಡಬೇಕಾ ಎಂಬ ಹಾಗಿತ್ತು ಅವಳ ನೋಟ. "ನನ್ನ ಅಮ್ಮ ಬೂತಾಯಿ ಮೀನು ಎಣಿಸಿ ಕೊಡುವಾಗ ನೂರಕ್ಕೆ ಐದು ಕೊಸರು ಹಾಕದೆ ಕೈ ತೆಗೀತಿರಲಿಲ್ಲ. ನೂರು ಹೇಳಿ ನೂರೇ ಕೊಟ್ಟರೆ ಅದು ಕೊಟ್ಟ ಹಾಗಾ? ನಾನು ಎಣಿಸಲಿಕ್ಕೆ ಕಲಿತದ್ದೇ ಹಾಗೆ. ನೂರಾದ ಮೇಲೆ ಬಾಯಲ್ಲಿ ಹೇಳುವುದಿಲ್ಲ, ಕೈ ಐದು ಹಾಕ್ತದೆ."

ತಿಲಕ್ ಹೋ ಎಂದು ನಕ್ಕ. ಮಲ್ಪೆಯಲ್ಲಿ ದಿನಾ ಮೀನಿನ ಲೆಕ್ಕ ಬರೆಯುವ ಅವನಿಗೆ ತಡೆಯಲಾಗಲಿಲ್ಲ. ನವ್ಯಶ್ರೀ ನಗಲಿಲ್ಲ, ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದಳು. "ಒಳಗೆ ಸಾವಿರದ ಇನ್ನೂರು ಅಲ್ಲ, ಸಾವಿರದ ಇನ್ನೂರ ಅರವತ್ತು. ಒಳಗೆ ಸುತ್ತು ಹೆಚ್ಚಾದರೆ ಹೊರಗೆ ವೋಲ್ಟೇಜ್ ಇಳೀತದೆ, ಅದಕ್ಕೇ ಕಡಿಮೆ ಬಂದದ್ದು. ಹೊರಗಿನದ್ದನ್ನೂ ಅತ್ತೆಯೇ ಸುತ್ತಿದ್ದರೆ ಅಲ್ಲಿಯೂ ಕೊಸರು ಬಿದ್ದು ಸರಿಯಾಗ್ತಿತ್ತು." ಪೆನ್ಸಿಲ್ ನಿಂತಿತು. "ಆದರೆ ಮಾವ, ಒಲೆಯದ್ದು ಮೂವತ್ತಮೂರೇ ಸುತ್ತು. ನೂರಾಗದೆ ಅತ್ತೆ ಕೊಸರು ಹಾಕುವುದಿಲ್ಲ. ಹಾಗಾದರೆ ಆಗಿನ ಎಲ್ಲ ರೇಡಿಯೋದಲ್ಲೂ ಒಲೆ ಮಂಕಾಗಬೇಕಿತ್ತಲ್ವಾ? ಒಂದೂ ತಿರುಗಿ ಬರಲಿಲ್ಲ ಅಂದಿರಲ್ಲ?"

ಧರ್ಮಪಾಲ ಕನ್ನಡಕ ತೆಗೆದು ಒರೆಸಿದ. ಒರೆಸಲಿಕ್ಕೆ ಅದರಲ್ಲಿ ಏನೂ ಇರಲಿಲ್ಲ.

"ಒಲೆಗೆ ಎರಡು ಸುತ್ತು ನಾನು ಹಾಕ್ತಿದ್ದೆ, ಪುಸ್ತಕದಲ್ಲಿ ಬರೆಯದೆ," ಎಂದ. "ಅವಳು ಎದ್ದು ಒಳಗೆ ಹೋದ ಮೇಲೆ."

ಒಳಗೆ ಕರಟಿದ ದೋಸೆಯ ವಾಸನೆ ಮನೆಯಿಡೀ ಹರಡಿತ್ತು.

"ಅಂದರೆ ನಿಮಗೆ ಗೊತ್ತಿತ್ತು," ಎಂದಳು ರತ್ನಾವತಿ.

"ಗೊತ್ತಿತ್ತು."

"ಎಷ್ಟು ಸಮಯದಿಂದ?"

"ಮೊದಲನೇ ಟ್ರಾನ್ಸ್‌ಫಾರ್ಮರಿನಿಂದ."

"ಬಾಯಿ ಬಿಟ್ಟು ಹೇಳಬಾರದಿತ್ತಾ? ಇಷ್ಟು ವರ್ಷ ನನ್ನನ್ನು ಪೆದ್ದಿ ಮಾಡಿ ಕೂರಿಸಿದಿರಾ?"

"ಹೇಳಿದ್ದರೆ ನೀನು ತಂತಿ ಬಿಸಾಡಿ ಎದ್ದು ಹೋಗ್ತಿದ್ದೆ. ನಿನ್ನ ಸಿಟ್ಟು ನನಗೆ ಗೊತ್ತಿಲ್ವಾ? ಮತ್ತೆ ನನ್ನ ಎದುರು ಕೂರುವವರು ಯಾರು?"

ತಿಲಕ್ ಅಪ್ಪನ ಮುಖ ನೋಡಲಾರದೆ ತಂತಿಯ ಸಿಕ್ಕು ಬಿಡಿಸುವವನ ಹಾಗೆ ಮಾಡಿದ. ರತ್ನಾವತಿಯ ಕೋಪ ಅರ್ಧಕ್ಕರ್ಧ ಇಳಿಯಬೇಕಿತ್ತು. ಇಳಿಯಲಿಲ್ಲ, ಏರಿತು.

"ಎದುರು ನಾನೇ ಬೇಕಿದ್ದರೆ ನಿನ್ನೆ ಯಾಕೆ ಕರೆಯಲಿಲ್ಲ? ಸೀರೆ ಉಟ್ಟು, ಕೈ ತೊಳೆದು ಕಾದು ಕೂತಿದ್ದೆ ನಾನು. ಮದುಮಗಳ ಹಾಗೆ!"

"ನಿನಗೆ ಕಣ್ಣಿನ ಆಪರೇಶನ್ ಆಗಿದೆಯಲ್ಲ, ಸಣ್ಣ ಕೆಲಸ ಕಷ್ಟ ಅಂತ..."

"ಬೂತಾಯಿಯ ಮುಳ್ಳು ತೆಗೆದು ನಿಮ್ಮ ಬಟ್ಟಲಿಗೆ ಹಾಕುವಾಗ ನನ್ನ ಕಣ್ಣು ನೆನಪಾಗುವುದಿಲ್ವಾ?"

"ಮರೆತೆ ರತ್ನ," ಎಂದ ಧರ್ಮಪಾಲ. "ಕೆಲಸದ ಖುಷಿಯಲ್ಲಿ ನಿನ್ನನ್ನು ಕರೆಯಬೇಕು ಅಂತ ತೋರಲೇ ಇಲ್ಲ. ತಪ್ಪಾಯಿತು."

ಸುಳ್ಳಾದರೂ ಬೇರೆ ಏನಾದರೂ ಹೇಳಬಾರದಿತ್ತಾ ಎಂದುಕೊಂಡಳು ರತ್ನಾವತಿ. ಮರೆತದ್ದೇ ಅವಳಿಗೆ ನೋವು. ಆಗ ನವ್ಯಶ್ರೀ ಸ್ಟೂಲಿನಿಂದ ಎದ್ದಳು.

"ಅತ್ತೆ, ನನಗೆ ನಿಮ್ಮ ಜಾಗ ಅಂತ ಗೊತ್ತಿರಲಿಲ್ಲ. ಆದರೆ ಒಂದು ಮಾತು ಹೇಳ್ತೇನೆ. ಈ ಮನೆಯಲ್ಲಿ ನನ್ನ ಹತ್ತಿರ ಕೂತು ಮಾತಾಡುವವರು ಮಾವ ಒಬ್ಬರೇ. ಇವರು ಬಂದರೆ ಮಲಗ್ತಾರೆ. ನೀವು ಅಡುಗೆಮನೆಗೆ ಬಿಡುವುದಿಲ್ಲ. ನಾನು ಸಂಜೆ ಬಂದು ಎಲ್ಲಿ ಕೂರಬೇಕು?" ಎರಡು ವರ್ಷದಲ್ಲಿ ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು.

ರತ್ನಾವತಿ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಕೈಯಲ್ಲಿದ್ದ ಸಟ್ಟುಗವನ್ನು ಅವಳ ಕೈಗೆ ಕೊಟ್ಟಳು.

"ಅಡುಗೆಮನೆ ತಗೋ. ಹುಳಿ ಎಷ್ಟು ಬೇಕಾದರೂ ಹಾಕು, ನಾನು ಬಾಯಿ ತೆಗೆಯುವುದಿಲ್ಲ. ಈ ಸ್ಟೂಲು ನನಗೆ ಬಿಡು."

"ಬೆಸುಗೆ ಹಾಕುವುದು?"

ರತ್ನಾವತಿ ಯೋಚಿಸಿದಳು. ಗಂಡನ ಕೈ ಈಗ ಬೆಸುಗೆಗೆ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಅದನ್ನು ನಿಂತುಕೊಂಡು ಹಾಕು," ಎಂದಳು.

ಹಾಗೆ ಒಪ್ಪಂದವಾಯಿತು. ಯಂತ್ರ ಸೋಮವಾರವೇ ಮಣಿಪಾಲಕ್ಕೆ ತಿರುಗಿ ಹೋಯಿತು, ಅಟ್ಟದ ಹಳೇ ಕೈಯಂತ್ರ ಕೆಳಗಿಳಿಯಿತು. ರತ್ನಾವತಿ ಐದು ದಿನ, ದಿನಕ್ಕೆ ಒಂದೊಂದು ಗಂಟೆ, ಮೊದಲಿನಿಂದ ಸುತ್ತಿದಳು. ನೂರಕ್ಕೊಂದು ನೂಲು. ಧರ್ಮಪಾಲ ಎದುರಿಗೆ ಕೂತು ತಂತಿಯ ಉಂಡೆ ಹಿಡಿದ. ಹೆಜಮಾಡಿಯ ಯಾವ ದೋಣಿ ಯಾರಿಗೆ ಹೋಯಿತು, ಕ್ಲಾರಾಳ ಪಾಯಸಕ್ಕೆ ಎಷ್ಟು ಬೆಲ್ಲ ಹಾಕಿದ್ದಳು, ಪಾಸ್ಕಲ್ ಅಂಥ ಮಾತು ಹೇಳುವಾಗ ಇವನು ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು ಯಾಕೆ, ಎಲ್ಲ ಮಾತು ಬಂತು. ಅಡುಗೆಮನೆಯಲ್ಲಿ ಸೊಸೆಯ ಸಾರಿಗೆ ಹುಳಿ ಹೆಚ್ಚಾಗಿತ್ತು. ರತ್ನಾವತಿ ನುಂಗಿದಳು. ಕೊನೆಯ ದಿನ ದಪ್ಪ ತಂತಿ ಮೂವತ್ತಮೂರು ಸುತ್ತಿ, ತುದಿಯನ್ನು ಗಂಡನ ಕೈಗೆ ಕೊಟ್ಟು, ಎದುರೇ ಕೂತು, "ಹಾಕಿ ನಿಮ್ಮ ಎರಡು," ಎಂದಳು. ಅವನು ಹಾಕಿದ.

ಮೀಟರಿನಲ್ಲಿ ಆರು ಪಾಯಿಂಟ್ ಮೂರು ಬಂತು. ವಾಲ್ವ್ ಎರಡೂ ಸರಿಯಾಗಿ ಕೆಂಪಗಾದವು.

ಮರುದಿನ, ಶನಿವಾರ ಮಧ್ಯಾಹ್ನ ಮೊದಲ ಸಲ ಕೇಳುವುದೆಂದು ಆಯಿತು. ತಿಲಕ್ ಮಲಗಲಿಕ್ಕೆ ಹೊರಟವನು ಬಾಗಿಲಲ್ಲಿ ನಿಂತ. ನವ್ಯಶ್ರೀ ಒಗ್ಗರಣೆಯ ಸೌಟು ಹಿಡಿದು ಅಡುಗೆಮನೆಯಿಂದ ಇಣುಕಿದಳು. ಧರ್ಮಪಾಲ ಹೆಡ್‌ಫೋನನ್ನು ಕೈಯಲ್ಲಿ ಹಿಡಿದು ಸೊಸೆಯ ಕಡೆ ಒಮ್ಮೆ ನೋಡಿದ, ಹೆಂಡತಿಯ ಕಡೆ ಒಮ್ಮೆ ನೋಡಿದ. ಅವನು ಮೇಜಿನ ಈ ಕಡೆ ಬಂದು ಅದನ್ನು ಹೆಂಡತಿಯ ತಲೆಗಿಟ್ಟು, ಕಿವಿಯ ಓಲೆ ಸಿಕ್ಕದ ಹಾಗೆ ಸರಿಮಾಡಿದ.

ತಾಳಮದ್ದಳೆಯ ಭಾಗವತರು ಅವಳ ತಲೆಯೊಳಗೇ ಬಂದು ಕೂತರು. ಪದ ಎತ್ತುವ ಮೊದಲು ಅವರು ಉಸಿರು ಎಳೆದದ್ದು ಕೇಳಿತು. ಮದ್ದಳೆಯ ಮೇಲೆ ಬೆರಳು ಜಾರಿದ್ದು ಕೇಳಿತು. ಮನೆ, ರಸ್ತೆ, ಕುಕ್ಕರಿನ ಸೀಟಿ ಎಲ್ಲ ಎಲ್ಲೋ ಹೋಗಿ, ತಾನೂ ಗಂಡನೂ ಇಬ್ಬರೇ ಎಂದು ಅವಳಿಗೆ ಅನಿಸಿತು. ಇದೇ ಹೊತ್ತು ಎಂದುಕೊಂಡು ಗಂಡನ ಕಡೆ ಬಾಗಿ, ಯಾರಿಗೂ ಕೇಳಿಸದ ಹಾಗೆ ಪಿಸುಗುಟ್ಟಿದಳು.

ಪಿಸುಗುಟ್ಟಿದೆ ಎಂದು ಅವಳು ತಿಳಿದದ್ದು. ಕಿವಿ ಮುಚ್ಚಿಕೊಂಡವರ ಪಿಸುಮಾತು ಎಷ್ಟು ದೊಡ್ಡದೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಬೀದಿ ಬೀದಿಯಲ್ಲಿ ಮೀನು ಕೂಗಿದವಳ ಮಗಳ ಗಂಟಲು ಅದು.

"ಕೇಳಿ ಇಲ್ಲಿ! ಇನ್ನೊಂದು ಮಾಡುವುದಿದ್ದರೆ ನಾವಿಬ್ಬರೇ ಮಾಡುವ! ನವ್ಯಾ ಬೇಡ! ಅವಳು ಒಳ್ಳೆಯವಳೇ, ಆದರೆ ಅವಳ ಹತ್ತಿರ ನೀವು ನಗಾಡುವುದು ಕಂಡರೆ ನನಗೆ ಹೊಟ್ಟೆ ಉರೀತದೆ!"

ತಿಲಕ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ರಸ್ತೆಯಲ್ಲಿ ಹೋಗುತ್ತಿದ್ದ ಯಾರದೋ ಸೈಕಲ್ ನಿಂತಿತು. ಧರ್ಮಪಾಲ ಹೆಂಡತಿಯ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿದ. ಅವನ ಮುಖ ಕೆಂಪಾಗಿತ್ತು.

"ಮೆಲ್ಲ ಮಾರಾಯ್ತಿ. ಉಚ್ಚಿಲದವರೆಗೆ ಕೇಳಿತು."

ರತ್ನಾವತಿ ತಿರುಗಿ ನೋಡಿದಳು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸೌಟಿನಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ನನಗೂ ಕೇಳಿತು ಅತ್ತೆ," ಎಂದಳು ನವ್ಯಶ್ರೀ.

"ಕೇಳಿತಾ? ಒಳ್ಳೆಯದಾಯಿತು," ಎಂದಳು ರತ್ನಾವತಿ. "ಎರಡನೇ ಸಲ ಹೇಳುವುದು ತಪ್ಪಿತು." ಗಂಡನ ಕೈ ಬಿಡಿಸಿ, ಹೆಡ್‌ಫೋನನ್ನು ಕಿವಿಗೆ ಎಳೆದುಕೊಂಡಳು.